ದಿವಾನ್: ಒಂದು ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರಬ್ಬಿ ಮತ್ತು ಪಾರಸಿ ಎರಡೂ ತಮ್ಮದೇ ಅಂತ ಹೇಳಿಕೊಳ್ಳುವ ಪದಗಳು ಬೇಕಾದಷ್ಟಿವೆ. ಅವುಗಳಲ್ಲಿ ಕನ್ನಡಿಗರು ಜಾಸ್ತಿ ಕೇಳುವುದು 'ದಿವಾನ್' ಬಗ್ಗೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲ ಪರಿಚಯ

ದಿವಾನ್ ಅಂದ್ರೆ ಸರಿಯಾಗಿ ಏನು? ಮಂತ್ರಿನಾ, ಮಂಚಾನಾ, ಪದ್ಯದ ಪುಸ್ತಕಾನಾ?

ಮೂರೂ ಹೌದು. ಜೊತೆಗೆ ದರ್ಬಾರು, ಕಚೇರಿ, ನ್ಯಾಯಾಲಯ, ಸುಂಕದ ಕಟ್ಟೆ ಎಂಬ ಅರ್ಥಗಳೂ ಇವೆ. ಆದರೆ ಇವು ಬೇರೆ ಬೇರೆ ಪದಗಳಲ್ಲ, ಒಂದೇ ಪದದ ಕವಲುಗಳು. ಬುಡದಲ್ಲಿರುವ ಅರ್ಥ 'ಬರೆದಿಟ್ಟ ಪಟ್ಟಿ', ಅಂದರೆ ದಾಖಲೆ ಪುಸ್ತಕ. ಆ ಪುಸ್ತಕ ಇಟ್ಟ ಕೋಣೆಯೂ ದಿವಾನ್ ಆಯಿತು. ಆ ಕೋಣೆಯಲ್ಲಿ ಸೇರುವ ಸಭೆಗೂ ಅದೇ ಹೆಸರು ಬಂತು. ಆ ಕೋಣೆಯ ಯಜಮಾನನನ್ನು ಭಾರತದಲ್ಲಿ ದಿವಾನ್ ಅಂದರು. ಅಲ್ಲಿ ಗೋಡೆಗೆ ಒರಗಿಸಿ ಹಾಕಿದ ಆಸನವೂ ದಿವಾನ್ ಆಯಿತು. ಒಬ್ಬ ಕವಿ ಬರೆದದ್ದನ್ನೆಲ್ಲ ಒಂದೆಡೆ ಸೇರಿಸಿದರೆ ಅದೂ ದಿವಾನ್. ಈ ಪದದ ಯಾವ ಅರ್ಥ ಎದುರಾದರೂ 'ಬರೆದಿಟ್ಟ ಪಟ್ಟಿ' ಅನ್ನುವುದನ್ನು ನೆನಪಿಟ್ಟುಕೊಳ್ಳಿ, ದಾರಿ ತಪ್ಪುವುದಿಲ್ಲ.

ಇದು ಅರಬ್ಬಿ ಪದವೋ ಪಾರಸಿ ಪದವೋ? ಒಂದು ಹೇಳಿ ಸಾಕು.

ಹುಟ್ಟಿದ್ದು ಪಾರಸಿಯಲ್ಲಿ. ಇಸ್ಲಾಂ ಬರುವ ಮೊದಲಿನ ಸಾಸಾನಿ ಅರಸರ ಕಾಲದ ಮಧ್ಯ ಪಾರಸಿಯಲ್ಲಿ ಅದು 'ದೇವಾನ್' ಅಂತಿತ್ತು. ಕಡತಗಳ ಸಂಗ್ರಹ, ಕಡತಖಾನೆ ಅನ್ನುವುದು ಆಗಿನ ಅರ್ಥ. ಅಲ್ಲಿಂದ ಅದು ಅರಬ್ಬಿಗೆ ಹೋಯಿತು. ಅರಬರು ಅದಕ್ಕೆ ಹೊಸ ಅರ್ಥಗಳನ್ನು ಕೊಟ್ಟರು. ಆ ಹೊಸ ಅರ್ಥಗಳನ್ನು ಹೊತ್ತುಕೊಂಡು ಪದ ಮತ್ತೆ ಪಾರಸಿಗೆ ಬಂತು. ಆಮೇಲೆ ತುರ್ಕಿ, ಉರ್ದು, ಕನ್ನಡಕ್ಕೂ ಬಂತು. ಹಾಗಾಗಿ 'ಒಂದು ಹೇಳಿ' ಅಂದರೆ ಪಾರಸಿ ಅನ್ನುತ್ತೇನೆ. ಆದರೆ ನಾವು ಇವತ್ತು ಬಳಸುವ ಅರ್ಥಗಳಲ್ಲಿ ಅರಬರ ಪಾಲು ದೊಡ್ಡದು. ಅದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ.

ನಮ್ಮ ಮನೆ ಹಾಲ್‌ನಲ್ಲಿರೋ ದಿವಾನ್ ಕಾಟ್‌ಗೂ ಮೈಸೂರು ದಿವಾನರಿಗೂ ನಿಜವಾಗ್ಲೂ ಸಂಬಂಧ ಇದ್ಯಾ?

ಇದೆ. ಇಬ್ಬರೂ ಒಂದೇ ಕೋಣೆಯಿಂದ ಬಂದವರು. ಆಟೋಮನ್ ತುರ್ಕರ ಮಂತ್ರಿಮಂಡಲಕ್ಕೆ ದಿವಾನ್ ಎಂದೇ ಹೆಸರು. ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯಲ್ಲಿ ಅದು ಸೇರುತ್ತಿದ್ದ ಗುಮ್ಮಟದ ಕೋಣೆ ಇವತ್ತಿಗೂ ಇದೆ. ಗೋಡೆಯುದ್ದಕ್ಕೂ ತಗ್ಗಿನ ಆಸನ, ಮೇಲೆ ಮೆತ್ತೆ. ಮಂತ್ರಿಗಳು ಅದರ ಮೇಲೆ ಕೂರುತ್ತಿದ್ದರು. ಮೇಲೆ ಜಾಲರಿ ಹಾಕಿದ ಒಂದು ಕಿಟಕಿ ಇದೆ. ಸುಲ್ತಾನ ಅದರ ಹಿಂದೆ ಕೂತು, ತಾನು ಕಾಣಿಸಿಕೊಳ್ಳದೆ ಸಭೆಯ ಮಾತು ಕೇಳಬಹುದಿತ್ತು. ಇಂಥ ಕೋಣೆಗಳನ್ನು ನೋಡಿದ ಯೂರೋಪಿನವರು ಆಸನಕ್ಕೇ 'ದಿವಾನ್' ಅಂದುಬಿಟ್ಟರು. ಬೆನ್ನಿಗೆ ಹಲಗೆಯಿಲ್ಲದ, ಗೋಡೆಗೆ ಒರಗಿಸುವ ಹಾಸುಗೆಗೆ ಆ ಹೆಸರು ನಿಂತಿತು. ಪೀಠೋಪಕರಣದ ಹೆಸರಾಗಿ ಅದು ಇಂಗ್ಲಿಷಿನ ಮೂಲಕ ನಮ್ಮ ಅಂಗಡಿಗಳಿಗೆ ಬಂತು. ಅಧಿಕಾರಿಯ ಹೆಸರಾಗಿ ಬಂದದ್ದು ಪಾರಸಿಯ ಮೂಲಕ. ಒಂದೇ ಪದ ಎರಡು ದಾರಿಯಲ್ಲಿ ಕನ್ನಡಕ್ಕೆ ಬಂದಿದೆ.

ದಿವಾನಾ, ದಿವಾಳಿ, ದೀವಾರ್... ಇವೂ ಇದೇ ಮನೆತನದ್ದಾ?

ಅಲ್ಲ. 'ದೀವಾರ್' ಅಂದರೆ ಗೋಡೆ. ಅದೂ ಪಾರಸಿಯೇ, ಆದರೆ ಬೇರೆ ಮೂಲ. ವ್ಯಾಪಾರದಲ್ಲಿ ಕೈ ಖಾಲಿಯಾಗುವ 'ದಿವಾಳಿ' ನಮ್ಮ ಕಡೆಯದೇ ಪದ, ಪಾರಸಿಗೆ ಸೇರಿದ್ದಲ್ಲ.

'ದಿವಾನಾ' ವಿಷಯದಲ್ಲಿ ಮಾತ್ರ ಒಂದು ಹಳೆಯ ಕಥೆಯಿದೆ. 14ನೇ ಶತಮಾನದ ಚರಿತ್ರೆಕಾರ ಇಬ್ನ್ ಖಲ್ದೂನ್ ಕೂಡ ಅದನ್ನು ಹೇಳಿದ್ದಾನೆ. ಪರ್ಷಿಯಾದ ದೊರೆ ಖುಸ್ರೋ ಒಂದು ದಿನ ತನ್ನ ಗುಮಾಸ್ತರ ಕೋಣೆಗೆ ಬಂದ. ಅವರೆಲ್ಲ ತಮ್ಮಷ್ಟಕ್ಕೆ ತಾವೇ ಗೊಣಗುತ್ತಾ ಲೆಕ್ಕ ಹಾಕುತ್ತಿದ್ದರು. 'ಇವರು ದೀವಾನೆ' ಅಂದನಂತೆ ದೊರೆ. ಅಂದರೆ ಹುಚ್ಚರು, ದೆವ್ವ ಹಿಡಿದವರು. ಅದರಿಂದಲೇ ಆ ಜಾಗಕ್ಕೆ ಹೆಸರು ಬಂತು ಅನ್ನುವುದು ಕಥೆ. ಇನ್ನೊಂದು ರೂಪದಲ್ಲಿ, ಗುಮಾಸ್ತರ ಚುರುಕುತನ ನೋಡಿ ದೊರೆ 'ಇವರು ದೆವ್ವಗಳೇ' ಅಂದನಂತೆ. ಕೇಳಲು ಚೆನ್ನಾಗಿದೆ, ಆದರೆ ಮೂಲ ಅದಲ್ಲ. ಹುಚ್ಚ ಅನ್ನುವ 'ದೀವಾನೆ' ಬಂದದ್ದು 'ದೇವ್' ಅಂದರೆ ದೆವ್ವ ಅನ್ನುವ ಪಾರಸಿ ಪದದಿಂದ. ದಾಖಲೆಯ ದಿವಾನ್ ಬಂದದ್ದು 'ಬರಹ' ಅನ್ನುವ ಅರ್ಥದ ಇನ್ನೊಂದು ಪದದಿಂದ. ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇನೆ.

ಕನ್ನಡದಲ್ಲಿ ದಿವಾನ್, ದಿವಾನ, ದೀವಾನ್... ಯಾವುದು ಸರಿ?

'ದಿವಾನ್' ಮತ್ತು 'ದಿವಾನ' ಎರಡೂ ಸರಿ. ಬಹುವಚನ ಮತ್ತು ಗೌರವಕ್ಕೆ 'ದಿವಾನರು'. ಮೂಲದಲ್ಲಿ ಮೊದಲ ಸ್ವರ ದೀರ್ಘ, ಕನ್ನಡದಲ್ಲಿ ಅದು ಹ್ರಸ್ವವಾಗಿ ನೆಲೆಯೂರಿದೆ. ತಿದ್ದಲು ಹೋಗಬೇಡಿ.

## ಅರಬ್ಬಿಯಲ್ಲಿ, ಪಾರಸಿಯಲ್ಲಿ

ಅರಬರು ಈ ಪದವನ್ನು ಯಾವಾಗ ತಗೊಂಡ್ರು? ಯಾಕೆ ಬೇಕಾಯ್ತು?

ಕ್ರಿ.ಶ. 640ರ ಆಸುಪಾಸಿನಲ್ಲಿ, ಎರಡನೇ ಖಲೀಫ ಉಮರ್ ಕಾಲದಲ್ಲಿ. ಅರಬ್ ಸೇನೆಗಳು ಸಿರಿಯಾ, ಇರಾಕ್, ಈಜಿಪ್ಟ್ ಗೆದ್ದಿದ್ದವು. ಮದೀನಾಕ್ಕೆ ಹಿಂದೆಂದೂ ಕಾಣದಷ್ಟು ಹಣ ಬರತೊಡಗಿತು. ಯಾರಿಗೆ ಎಷ್ಟು ಹಂಚಬೇಕು? ಬಾಯಿಮಾತಿನ ಲೆಕ್ಕ ಇನ್ನು ಸಾಲದು. ಆಗ ಉಮರ್ ಹೆಸರುಗಳ ಪಟ್ಟಿ ಬರೆಸಿದ. ಪ್ರವಾದಿಯ ಬಂಧುಗಳು ಮೊದಲು. ಆಮೇಲೆ ಯಾರು ಎಷ್ಟು ಬೇಗ ಇಸ್ಲಾಂ ಒಪ್ಪಿದರು, ಯಾವ ಯುದ್ಧದಲ್ಲಿ ಇದ್ದರು ಅನ್ನುವುದರ ಮೇಲೆ ವರ್ಷಾಶನ. ಬದ್ರ್ ಯುದ್ಧದಲ್ಲಿದ್ದವರಿಗೆ ವರ್ಷಕ್ಕೆ 5000 ದಿರ್ಹಂ ಅಂತ ಚರಿತ್ರೆಕಾರರು ಬರೆದಿದ್ದಾರೆ. ಆ ಪಟ್ಟಿಯೇ 'ದೀವಾನ್'.

ಪಟ್ಟಿಯ ಉಪಾಯ ಪರ್ಷಿಯಾದವರದ್ದು, ಹೆಸರೂ ಅವರದ್ದೇ. ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಸೋತ ಸಾಮ್ರಾಜ್ಯದ ಸೈನ್ಯ ಕರಗಿಹೋಗಿತ್ತು, ಆದರೆ ಅದರ ಗುಮಾಸ್ತರು ಕೂತಲ್ಲೇ ಕೂತಿದ್ದರು. ಇರಾಕಿನ ಕಂದಾಯ ಲೆಕ್ಕವನ್ನು ಗೆದ್ದವರಿಗಾಗಿ ಪಾರಸಿಯಲ್ಲೇ ಬರೆಯುತ್ತಿದ್ದರು. ಸಿರಿಯಾದಲ್ಲಿ ಲೆಕ್ಕ ಗ್ರೀಕ್ ಭಾಷೆಯಲ್ಲಿತ್ತು. ಹೀಗೇ ಅರ್ಧ ಶತಮಾನಕ್ಕಿಂತ ಜಾಸ್ತಿ ನಡೆಯಿತು.

ಖಲೀಫ ಅಬ್ದುಲ್ ಮಲಿಕ್ (685–705) ಕಾಲದಲ್ಲಿ ಲೆಕ್ಕಪತ್ರವನ್ನು ಅರಬ್ಬಿಗೆ ತಿರುಗಿಸುವ ಕೆಲಸ ಶುರುವಾಯಿತು. ಇರಾಕಿನಲ್ಲಿ ಅದನ್ನು ಮಾಡಿದವನು ಸಾಲಿಹ್ ಎಂಬ ಗುಮಾಸ್ತ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ಪಾರಸಿ ಗುಮಾಸ್ತರ ಕಡೆಯವನೊಬ್ಬ ಅವನನ್ನು ಪರೀಕ್ಷೆ ಮಾಡಿದನಂತೆ: ಹತ್ತನೇ ಒಂದು, ಇಪ್ಪತ್ತನೇ ಒಂದು ಅನ್ನುವ ಭಾಗಗಳನ್ನು ಅರಬ್ಬಿಯಲ್ಲಿ ಹೇಗೆ ಬರೆಯುತ್ತೀಯ? ಸಾಲಿಹ್ ತಡವರಿಸದೆ ಹೇಳಿದ. ಆಗ ಆ ಮನುಷ್ಯ, ನೀನು ಪಾರಸಿಯ ಬೇರು ಕತ್ತರಿಸಿದ ಹಾಗೆ ದೇವರು ನಿನ್ನ ಬೇರನ್ನೂ ಕತ್ತರಿಸಲಿ ಅಂತ ಶಪಿಸಿದನಂತೆ. ಒಂಬತ್ತನೇ ಶತಮಾನದ ಚರಿತ್ರೆಕಾರ ಬಲಾಧುರಿ ಇದನ್ನು ಬರೆದಿಟ್ಟಿದ್ದಾನೆ. ಕಚೇರಿಯ ಭಾಷೆ ಬದಲಾದರೆ ಯಾರ ಅನ್ನ ಹೋಗುತ್ತದೆ ಅನ್ನುವುದು ಆ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟಾದರೂ 'ದೀವಾನ್' ಅನ್ನುವ ಪಾರಸಿ ಹೆಸರು ಮಾತ್ರ ಅರಬ್ಬಿಯಲ್ಲಿ ಹಾಗೇ ಉಳಿಯಿತು.

ಹೊರಗಿನ ಪದ ಆದ್ರೆ ಅರಬ್ಬಿಯಲ್ಲಿ ಅದಕ್ಕೆ ಧಾತು ಎಲ್ಲಿಂದ ಬಂತು?

ಅರಬ್ಬಿಯ ಸ್ವಭಾವವೇ ಹಾಗೆ. ಅಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಬೆಳೆಯುತ್ತವೆ. ಹೊರಗಿನ ಪದ ಬಂದರೆ ಅದರಿಂದಲೇ ಮೂರು ವ್ಯಂಜನ ಹೆಕ್ಕಿ ಹೊಸ ಧಾತು ಮಾಡಿಕೊಳ್ಳುತ್ತಾರೆ. ದೀವಾನ್‌ನಿಂದ ದ-ವ-ನ ಸಿಕ್ಕಿತು. 'ದವ್ವನ' ಅಂದರೆ ಬರೆದಿಟ್ಟನು. 'ತದ್ವೀನ್' ಅಂದರೆ ಬರೆದಿಡುವ ಕೆಲಸ. ಪ್ರವಾದಿಯ ಮಾತುಗಳನ್ನು ಸಂಗ್ರಹಿಸಿ ಬರೆದದ್ದಕ್ಕೂ ಅದೇ ಹೆಸರು. ಮೊರಾಕೋ ದೇಶದ ಕೌಟುಂಬಿಕ ಕಾನೂನನ್ನು ಜನ 'ಮುದವ್ವನ' ಅನ್ನುತ್ತಾರೆ. ಇವತ್ತಿನ ಅರಬ್ಬಿಯಲ್ಲಿ ಬ್ಲಾಗ್‌ಗೂ 'ಮುದವ್ವನ' ಎಂದೇ ಹೆಸರು.

ಬಹುವಚನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ದೀವಾನ್‌ನ ಬಹುವಚನ 'ದವಾವೀನ್'. ಅದರಲ್ಲಿ ಎರಡು 'ವ' ಕಾಣುತ್ತವೆ. ಹಾಗಾಗಿ ಮೂಲರೂಪ 'ದಿವ್ವಾನ್' ಇರಬೇಕು, ಮೊದಲ 'ವ' ಸ್ವರವಾಗಿ ಕರಗಿದೆ ಅಂತ ಅರಬ್ ವೈಯಾಕರಣರು ವಾದಿಸಿದರು. ಕೆಲವರು ಇದನ್ನೇ ಹಿಡಿದು ಪದ ಅರಬ್ಬಿಯದೇ ಅಂದರು. ಆದರೆ ಈ ಧಾತುವಿನಿಂದ ಹುಟ್ಟಿದ ಬರವಣಿಗೆಯ ಪದಗಳೆಲ್ಲ ದೀವಾನ್ ಬಂದ ಮೇಲಿನವು. ಧಾತುವಿನಿಂದ ಪದ ಹುಟ್ಟಲಿಲ್ಲ, ಪದದಿಂದ ಧಾತು ಹುಟ್ಟಿತು.

ಲೆಕ್ಕದ ಪುಸ್ತಕದ ಹೆಸರನ್ನ ಕವಿತೆಗೆ ಯಾಕಿಟ್ಟರು?

'ಕಾವ್ಯವೇ ಅರಬರ ದೀವಾನ್' ಅನ್ನುವ ಹಳೆಯ ಮಾತೊಂದು ಅರಬ್ಬಿಯಲ್ಲಿದೆ. ವಂಶಾವಳಿ, ಯುದ್ಧ, ಜಗಳ, ಊರು, ನೀರಿನ ತಾಣ ಎಲ್ಲವನ್ನೂ ಅರಬ್ ಬುಡಕಟ್ಟುಗಳು ಪದ್ಯದಲ್ಲೇ ಉಳಿಸಿಕೊಂಡಿದ್ದವು. ಅಂದರೆ ಪದ್ಯವೇ ಅವರ ದಾಖಲೆ ಪುಸ್ತಕ. ಮುಂದೆ ವಿದ್ವಾಂಸರು ಒಂದೊಂದು ಬುಡಕಟ್ಟಿನ, ಒಬ್ಬೊಬ್ಬ ಕವಿಯ ಪದ್ಯಗಳನ್ನು ಒಟ್ಟುಮಾಡಿ ಬರೆದರು. ಅದಕ್ಕೂ ದೀವಾನ್ ಅಂದರು.

ಪಾರಸಿಯವರು ಈ ಅರ್ಥವನ್ನು ಕಟ್ಟುನಿಟ್ಟಾದ ಒಂದು ಪದ್ಧತಿಯಾಗಿ ಬೆಳೆಸಿದರು. ದಿವಾನಿನಲ್ಲಿ ಗಜಲುಗಳನ್ನು ಬರೆದ ಕಾಲದ ಪ್ರಕಾರ ಜೋಡಿಸುವುದಿಲ್ಲ. ಸಾಲಿನ ಕೊನೆಯ ಅಕ್ಷರ ನೋಡಿ ಅಕಾರಾದಿಯಾಗಿ ಜೋಡಿಸುತ್ತಾರೆ. ಹಾಗಾಗಿ ದಿವಾನ್ ಓದಿ ಕವಿಯ ಜೀವನದ ಏರಿಳಿತ ಕಂಡುಹಿಡಿಯುವುದು ಕಷ್ಟ. ಯೌವನದ ಗಜಲ್ ಪಕ್ಕದಲ್ಲೇ ಮುಪ್ಪಿನದು ಇರುತ್ತದೆ. 14ನೇ ಶತಮಾನದ ಶಿರಾಜಿನ ಹಾಫಿಜ್‌ನ ದಿವಾನ್ ಹೀಗೇ ಇದೆ. ಅದನ್ನು ಒಟ್ಟುಮಾಡಿದ್ದು ಅವನು ತೀರಿಕೊಂಡ ಮೇಲೆ. ಅದರ ಮೊದಲ ಗಜಲಿನ ಮೊದಲ ಸಾಲು ಅರಬ್ಬಿಯಲ್ಲಿ ಶುರುವಾಗಿ ಪಾರಸಿಗೆ ಹೊರಳುತ್ತದೆ. ಎರಡೂ ಭಾಷೆಗೆ ಸೇರಿದ ಹೆಸರಿನ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇರಲಾರದು. ಚಳಿಗಾಲದ ಅತಿ ಉದ್ದದ ರಾತ್ರಿ ಯಲ್ದಾ ಹಬ್ಬದಲ್ಲಿ ಇರಾನಿನ ಮನೆಗಳಲ್ಲಿ ಈ ದಿವಾನ್ ತೆರೆದು, ಕಣ್ಣಿಗೆ ಬಿದ್ದ ಗಜಲಿನಿಂದ ಶಕುನ ಕೇಳುತ್ತಾರೆ.

ನಮ್ಮ ಪಕ್ಕದಲ್ಲೂ ಇದು ಬೆಳೆಯಿತು. ಗೋಲ್ಕೊಂಡದ ದೊರೆ ಮುಹಮ್ಮದ್ ಕುಲಿ ಕುತುಬ್ ಶಾಹ (ಆಳಿದ್ದು 1580–1612) ದಖನಿಯಲ್ಲಿ, ಅಂದರೆ ದಕ್ಷಿಣದ ಹಳೆಯ ಉರ್ದುವಿನಲ್ಲಿ ಬರೆದ. ಉರ್ದುವಿನ ಮೊದಲ 'ಸಾಹಿಬ್-ಎ-ದಿವಾನ್', ಅಂದರೆ ತನ್ನದೇ ದಿವಾನ್ ಇರುವ ಕವಿ ಅಂತ ಅವನನ್ನು ಗುರುತಿಸುತ್ತಾರೆ. ಜರ್ಮನಿಯ ಗ್ಯೋಥೆ ಕೂಡ ಹಾಫಿಜ್‌ನ ಅನುವಾದ ಓದಿ ಮನಸೋತು 1819ರಲ್ಲಿ ತನ್ನ ಒಂದು ಕವನ ಸಂಕಲನಕ್ಕೆ ದಿವಾನ್ ಎಂದೇ ಹೆಸರಿಟ್ಟ.

ಇವತ್ತು ಇರಾನಿನವರು, ಅರಬರು ಈ ಪದ ಕೇಳಿದ್ರೆ ಏನು ಅರ್ಥ ಮಾಡ್ಕೋತಾರೆ?

ಎಲ್ಲಿ ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಟೆಹರಾನಿನಲ್ಲಿ ಬರೀ 'ದಿವಾನ್' ಅಂದರೆ ಮೊದಲು ನೆನಪಾಗುವುದು ಕವಿತೆ. ಆದರೆ ಅಲ್ಲಿನ ಸುಪ್ರೀಂ ಕೋರ್ಟ್ 'ದಿವಾನ್-ಎ-ಆಲಿ-ಯೆ ಕೆಶ್ವರ್'. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ 'ದಿವಾನ್-ಎ-ಮೊಹಾಸೆಬಾತ್'. ಅಧಿಕಾರಶಾಹಿಗೆ 'ದಿವಾನ್‌ಸಾಲಾರಿ' ಅನ್ನುತ್ತಾರೆ. ಅರಬ್ ದೇಶಗಳಲ್ಲಿ ದೊರೆಯ ಕಾರ್ಯಾಲಯ ದೀವಾನ್. ಕುವೈತಿನಲ್ಲಿ ಗಂಡಸರು ಸಂಜೆ ಸೇರಿ ಚಹಾ ಕುಡಿದು ರಾಜಕೀಯ, ವ್ಯಾಪಾರ ಮಾತಾಡುವ ಮನೆಯ ಕೋಣೆ 'ದಿವಾನಿಯ್ಯ'. ಅಲ್ಲಿನ ಚುನಾವಣೆಗಳಲ್ಲಿ ಮಾತುಕತೆ ನಡೆಯುತ್ತಿದ್ದದ್ದೂ ಈ ಕೋಣೆಗಳಲ್ಲೇ. ಇನ್ನೂ ಪೂರ್ವಕ್ಕೆ ಹೋದರೆ ಮಲೇಷ್ಯಾದ ಸಂಸತ್ತಿನ ಕೆಳಮನೆ 'ದೇವಾನ್ ರಕ್ಯತ್'. ಆ 'ರಕ್ಯತ್' ಬೇರೇನಲ್ಲ, ನಮ್ಮ 'ರೈತ' ಪದದ ಅರಬ್ಬಿ ಮೂಲವೇ. ಅಲ್ಲಿ ಅದರ ಅರ್ಥ ಪ್ರಜೆ.

## ಭಾರತಕ್ಕೆ ಬಂದ ಮೇಲೆ

ದಿವಾನ್-ಇ-ಆಮ್, ದಿವಾನ್-ಇ-ಖಾಸ್: ನಡುವಿನ ಆ 'ಇ' ಏನು?

ಅದು ಪಾರಸಿಯ ಕೊಂಡಿ. 'ಆಮ್' (ಎಲ್ಲರಿಗೂ ಸೇರಿದ) ಮತ್ತು 'ಖಾಸ್' (ಆಯ್ದವರಿಗೆ ಮಾತ್ರ) ಎರಡೂ ಅರಬ್ಬಿ ಪದಗಳು. ಪದಗಳು ಎಲ್ಲಿಯವಾದರೂ ಅವನ್ನು ಜೋಡಿಸುವ ವ್ಯಾಕರಣ ಪಾರಸಿಯದು. ಕನ್ನಡದಲ್ಲಿ ವಿಶೇಷಣ ಮೊದಲು ಬರುತ್ತದೆ, ಅಲ್ಲಿ ಹಿಂದೆ ಬರುತ್ತದೆ. ದೆಹಲಿ, ಆಗ್ರಾ, ಫತೇಪುರ್ ಸಿಕ್ರಿಯಲ್ಲಿ ಇರುವ ಈ ಸಭಾಂಗಣಗಳ ಹೆಸರಿನಲ್ಲಿ ದಿವಾನ್ ಅಂದರೆ ದರ್ಬಾರು. ದೆಹಲಿ ಸುಲ್ತಾನರ ಕಾಲದಲ್ಲಾದರೆ ಅದೇ ಪದಕ್ಕೆ ಇಲಾಖೆ ಅನ್ನುವ ಅರ್ಥ ಜಾಸ್ತಿ ಬಳಕೆಯಲ್ಲಿತ್ತು. ಸೈನ್ಯದ ಇಲಾಖೆ 'ದಿವಾನ್-ಇ-ಅರ್ಜ್', ಪತ್ರವ್ಯವಹಾರದ ಇಲಾಖೆ 'ದಿವಾನ್-ಇ-ಇನ್ಶಾ'.

ಹಳೇ ಕೋರ್ಟ್ ಕಾಗದದಲ್ಲಿ ಸಿವಿಲ್ ಕೇಸಿಗೆ 'ದಿವಾಣಿ' ಅಂತಿದೆ. ಯಾಕೆ?

ಮೊಗಲರ ಪ್ರಾಂತ್ಯಗಳಲ್ಲಿ ಅಧಿಕಾರ ಎರಡು ಕೈಯಲ್ಲಿತ್ತು. ಸುಬೇದಾರನದು ಸೈನ್ಯ, ಕಾನೂನು ಸುವ್ಯವಸ್ಥೆ. ದಿವಾನನದು ಕಂದಾಯ, ಖಜಾನೆ. ಒಬ್ಬನ ಮೇಲೊಬ್ಬ ಕಣ್ಣಿಡಲಿ ಅಂತಲೇ ಹೀಗೆ ಮಾಡಿದ್ದು. ದಿವಾನನ ಅಧಿಕಾರವೇ 'ದಿವಾನಿ'. 1765ರ ಆಗಸ್ಟ್ 12ರಂದು ಅಲಹಾಬಾದಿನಲ್ಲಿ ಬಾದಶಹ ಎರಡನೇ ಶಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಬದಲಿಗೆ ಅವನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ. ಕಾಗದದ ಮೇಲೆ ಕಂಪನಿ ಬಾದಶಹನ ದಿವಾನ್, ಅಷ್ಟೇ. ಆದರೆ ಖಜಾನೆ ಯಾರ ಕೈಗೆ ಹೋಯಿತೋ ರಾಜ್ಯವೂ ಅವರ ಕೈಗೇ ಹೋಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಎರಡು ಥರದ ನ್ಯಾಯಾಲಯ ಮಾಡಿದ. ಆಸ್ತಿ, ಸಾಲದ ವ್ಯಾಜ್ಯಕ್ಕೆ ದಿವಾನಿ ಅದಾಲತ್. ಹೊಡೆದಾಟ, ಕಳ್ಳತನಕ್ಕೆ ಫೌಜುದಾರಿ ಅದಾಲತ್. ಆ ಜೋಡಿ ಪದಗಳೇ ನಮ್ಮ ಕಡೆಯ ಹಳೆಯ ಕಾಗದಗಳಲ್ಲಿ ಕಾಣುವುದು.

ಮೈಸೂರಿನಲ್ಲಿ 'ದಿವಾನ್' ಅನ್ನೋ ಹೆಸರು ಮೊದಲಿಂದ್ಲೂ ಇತ್ತಾ?

ಇರಲಿಲ್ಲ. ಹಳೆಯ ಮೈಸೂರಿನಲ್ಲಿ ದಳವಾಯಿ, ಸರ್ವಾಧಿಕಾರಿ, ಪ್ರಧಾನ ಅನ್ನುವ ಹೆಸರುಗಳಿದ್ದವು. ಉತ್ತರದ ಆಡಳಿತದ ಪದಗಳು ಹಂತ ಹಂತವಾಗಿ ಬಂದವು. ಚಿಕ್ಕದೇವರಾಜ ಒಡೆಯರು (1673–1704) ಇಲಾಖೆಗಳನ್ನು ಹದಿನೆಂಟಾಗಿ ವಿಂಗಡಿಸಿದಾಗ ಅದಕ್ಕೆ 'ಅಠಾರಾ ಕಚೇರಿ' ಎಂಬ ಹಿಂದುಸ್ತಾನಿ ಹೆಸರೇ ನಿಂತಿತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಪುಟ್ಟ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ರಾಜ್ಯ ನಡೆಸಿದವರು ದಿವಾನ್ ಪೂರ್ಣಯ್ಯ. ಅವರು ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಹಣಕಾಸು ನೋಡಿಕೊಂಡವರು. ಪದದ ಹಳೆಯ ಅರ್ಥಕ್ಕೆ ಪೂರ್ತಿ ಹೊಂದುವ ಮನುಷ್ಯ. 1831ರಲ್ಲಿ ಬ್ರಿಟಿಷರು ಆಡಳಿತ ತಮ್ಮ ಕೈಗೆ ತೆಗೆದುಕೊಂಡರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು, ರಂಗಾಚಾರ್ಲು ದಿವಾನರಾದರು. ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯೂ ಶುರುವಾಯಿತು. ಆಮೇಲೆ ಶೇಷಾದ್ರಿ ಅಯ್ಯರ್ (1883–1901), ವಿಶ್ವೇಶ್ವರಯ್ಯ (1912–1918), ಮಿರ್ಜಾ ಇಸ್ಮಾಯಿಲ್ (1926–1941). ಕೊನೆಯವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್.

ಅರಬ್ಬಿಯಲ್ಲಾಗಲಿ, ಇರಾನಿನ ಪಾರಸಿಯಲ್ಲಾಗಲಿ ಸಾಮಾನ್ಯವಾಗಿ ಮನುಷ್ಯನನ್ನು ದಿವಾನ್ ಅನ್ನುವುದಿಲ್ಲ. ಅಲ್ಲಿ ಅದು ಸಂಸ್ಥೆ. 'ಸಾಹಿಬ್-ಎ-ದಿವಾನ್' (ಇಲ್ಲಿ ಕವಿಯಲ್ಲ, ಕಚೇರಿಯ ಯಜಮಾನ) ಅನ್ನುವ ಪೂರ್ತಿ ಹೆಸರನ್ನು ಮೊಟಕು ಮಾಡಿ ಅಧಿಕಾರಿಯನ್ನೇ ದಿವಾನ್ ಅಂದದ್ದು ಭಾರತದ ರೂಢಿ. ಕನ್ನಡಿಗರಿಗೆ ಇದೇ ಮೊದಲ ಅರ್ಥವಾಗಿದೆ.

## ಇನ್ನೂ ಆಳಕ್ಕೆ

ಪಾರಸಿಗಿಂತ ಹಿಂದೆ ಹೋಗೋಕಾಗುತ್ತಾ? ಕೊನೆಯ ಬೇರು ಎಲ್ಲಿ?

ಆಗುತ್ತದೆ. ಕನ್ನಡಿಗರು ತಪ್ಪದೆ ಓದಬೇಕಾದ ಭಾಗ ಇದು. ಹಳೆಯ ಪಾರಸಿಯಲ್ಲಿ 'ದಿಪಿ' ಅಂದರೆ ಬರಹ, ಶಾಸನ. ಪರ್ಷಿಯಾದ ದೊರೆ ದಾರಯವಹು (ಡೇರಿಯಸ್) ಸುಮಾರು ಕ್ರಿ.ಪೂ. 520ರಲ್ಲಿ ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಕೆತ್ತಿಸಿದ ಶಾಸನದಲ್ಲೇ ಈ ಪದವಿದೆ. ದಿವಾನ್ ಹುಟ್ಟಿದ್ದು ಈ ದಿಪಿಯಿಂದ. ಗುಮಾಸ್ತ ಎಂಬ ಅರ್ಥದ 'ದಬೀರ್' ಪದವೂ ಇದರದ್ದೇ ಸಂತಾನ. ದಿಪಿ ಪಾರಸಿಗೆ ಬಂದದ್ದು ಇರಾನಿನ ನೈಋತ್ಯದ ಪ್ರಾಚೀನ ಎಲಾಮ್ ಭಾಷೆಯ 'ತುಪ್ಪಿ'ಯಿಂದ. ಎಲಾಮಿಗೆ ಬಂದದ್ದು ಪ್ರಾಚೀನ ಇರಾಕಿನ ಭಾಷೆ ಅಕ್ಕಾಡಿಯನ್ನಿನ 'ತುಪ್ಪು'ವಿನಿಂದ, ಅದಕ್ಕೂ ಹಿಂದೆ ಸುಮೇರಿಯನ್ನಿನ 'ದುಬ್'. ಅದರ ಅರ್ಥ ಬರೆಯುವ ಮಣ್ಣಿನ ಹಲಗೆ.

ದಿಪಿ ಪೂರ್ವಕ್ಕೂ ಬಂತು. ಅಶೋಕ ತನ್ನ ಶಾಸನಗಳನ್ನು 'ಧಮ್ಮಲಿಪಿ' ಅನ್ನುತ್ತಾನೆ. ಆದರೆ ಈಗ ಪಾಕಿಸ್ತಾನದಲ್ಲಿರುವ ಶಾಹಬಾಜ್‌ಗಢಿ, ಮಾನ್‌ಸೆಹ್ರಾಗಳಲ್ಲಿ ಅದೇ ಪದ 'ದಿಪಿ' ಎಂದು ಕೆತ್ತಿದೆ. ಪಾರಸಿ ಆಳ್ವಿಕೆ ಇದ್ದ ಪ್ರದೇಶವದು. ನಮ್ಮ 'ಲಿಪಿ' ಈ ದಿಪಿಯ ಇನ್ನೊಂದು ರೂಪ ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಇದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಕಣ್ಣಿಗೆ ಕಾಣುವ ಗುರುತಿದೆ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು. ಅದನ್ನು ಬರೆದ ಗುಮಾಸ್ತ ಚಪಡ ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಆದರೆ 'ಲಿಪಿಕರ' ಅನ್ನುವ ತನ್ನ ವೃತ್ತಿಯ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಬರೆಯುವ, ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದ. ಹೀಗಾಗಿ ದಿವಾನ್‌ನ ದಾಯಾದಿ ಪದವೊಂದು ಮೈಸೂರಿಗೆ ದಿವಾನರು ಬರುವ ಎರಡು ಸಾವಿರ ವರ್ಷ ಮೊದಲೇ ಕರ್ನಾಟಕದ ಬಂಡೆಯ ಮೇಲಿತ್ತು.

ಇಟಲಿ, ಸ್ಪೇನಿನ ಕಸ್ಟಮ್ಸ್ ಕಚೇರಿಯ ಹೆಸರೂ ಇದೇ ಅಂತಾರೆ, ನಿಜಾನಾ?

ನಿಜ. ಮೆಡಿಟರೇನಿಯನ್ ಬಂದರುಗಳಲ್ಲಿ ಅರಬರು ಸುಂಕ ಬರೆದುಕೊಳ್ಳುತ್ತಿದ್ದ ಕಚೇರಿ ದೀವಾನ್. ಅದರಿಂದ ಇಟಾಲಿಯನ್ನಿನ 'ದೊಗಾನಾ', ಫ್ರೆಂಚಿನ 'ದುವಾನ್' ಬಂದವು. ಸ್ಪ್ಯಾನಿಷ್ ಭಾಷೆಯಲ್ಲಿ ಅರಬ್ಬಿಯ 'ಅಲ್' ಸೇರಿಕೊಂಡೇ 'ಅದುವಾನಾ' ಆಯಿತು. ಸಿಸಿಲಿಯನ್ನು ಗೆದ್ದ ನಾರ್ಮನ್ ದೊರೆಗಳೂ ಅರಬರ ಲೆಕ್ಕದ ಇಲಾಖೆಯನ್ನು ಉಳಿಸಿಕೊಂಡು ಲ್ಯಾಟಿನ್ನಿನಲ್ಲಿ 'ದುವಾನಾ' ಅಂದರು. ಅಲ್ಲಿಯೂ ಗೆದ್ದವರು ಸೋತವರ ಗುಮಾಸ್ತರನ್ನು ಬಿಡಲಿಲ್ಲ.

ಹೀಗೇ ಹುಡುಕೋಕೆ ಇನ್ನೊಂದು ಪದ ಹೇಳ್ತೀರಾ?

'ದಫ್ತರ' ತೆಗೆದುಕೊಳ್ಳಿ. ಇದೂ ಅರಬ್ಬಿ, ಪಾರಸಿ ಎರಡರಲ್ಲೂ ಇದೆ. ಆದರೆ ಇದು ಎರಡರದ್ದೂ ಅಲ್ಲ, ಗ್ರೀಕಿನ 'ದಿಫ್ತೆರಾ' ಪದ. ಅರ್ಥ ಹದ ಮಾಡಿದ ಚರ್ಮ. ಪಪೈರಸ್ ಸಿಗದ ಕಾಲದಲ್ಲಿ ಅಯೋನಿಯಾದ ಗ್ರೀಕರು ಆಡು, ಕುರಿಯ ಚರ್ಮದ ಮೇಲೆ ಬರೆಯುತ್ತಿದ್ದರು, ಹಾಗಾಗಿ ಪುಸ್ತಕಕ್ಕೂ ಚರ್ಮ ಎಂದೇ ಅನ್ನುತ್ತಾರೆ ಅಂತ ಪ್ರಾಚೀನ ಗ್ರೀಕ್ ಚರಿತ್ರೆಕಾರ ಹೆರೊಡೊಟಸ್ ಬರೆದಿದ್ದಾನೆ. ಪಾರಸಿಯಲ್ಲಿ ಇವತ್ತು ದಫ್ತರ್ ಅಂದರೆ ನೋಟ್‌ಬುಕ್ ಕೂಡ ಹೌದು, ಆಫೀಸೂ ಹೌದು. ಆಟೋಮನ್ನರ ಹಣಕಾಸು ಅಧಿಕಾರಿ 'ದೆಫ್ತೆರ್‌ದಾರ್'. ಕನ್ನಡದಲ್ಲಿ ಅದು ಕಡತಗಳ ಕಟ್ಟು. ನಮ್ಮ ಕಚೇರಿಗಳ 'ದಫೇದಾರ್' ಮಾತ್ರ ಇದರ ನೆಂಟನಲ್ಲ, ಅದು 'ದಫಾ' ಅನ್ನುವ ಬೇರೆ ಅರಬ್ಬಿ ಪದದಿಂದ ಬಂದದ್ದು.